ಗುರಾಣಿ ನೋಡಿ ಕಾಲ ಹೇಳಿ: ಬ್ರಿಟನ್ನಿನ ರಾಜಲಾಂಛನ

ಲಂಡನ್ನಿನ ಹಳೇ ಚರ್ಚು, ಕೋರ್ಟು, ಅರಮನೆಯ ಗೇಟು, ಎಲ್ಲಿ ತಲೆ ಎತ್ತಿದರೂ ಇದೇ ಕಾಣುತ್ತೆ. ಒಂದು ಕಡೆ ಸಿಂಹ, ಇನ್ನೊಂದು ಕಡೆ ಯೂನಿಕಾರ್ನ್ ಅನ್ನೋ ಒಂಟಿಕೊಂಬಿನ ಕುದುರೆ, ನಡುವೆ ಗುರಾಣಿ. ಯಾವ ಕಾಲದ್ದು ಅಂತ ಪತ್ತೆ ಮಾಡಬೇಕಾ? ಮೊದಲು ಆ ಪ್ರಾಣಿಗಳನ್ನು ಬಿಟ್ಟುಬಿಡಿ. ಕರ್ನಾಟಕದ ಲಾಂಛನದಲ್ಲಿ ಗಂಡಭೇರುಂಡದ ಅಕ್ಕಪಕ್ಕ ನಿಂತ ಗಜಕೇಸರಿಗಳ ಹಾಗೆ ಇವೂ ಆಸರೆಗೆ ನಿಂತವು. 1603ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಇಂಗ್ಲೆಂಡಿನ ಪಟ್ಟಕ್ಕೂ ಏರಿದಾಗ ಯೂನಿಕಾರ್ನ್ ಜತೆಗೆ ಬಂತು. ಅಲ್ಲಿಂದ ರಾಜಲಾಂಛನಕ್ಕೆ ಇದೇ ಜೋಡಿ.

ಕಣ್ಣು ಗುರಾಣಿಯ ಮೇಲಿರಲಿ. ಅದಕ್ಕೆ ನಾಲ್ಕು ಮನೆ. ಎಣಿಕೆ ನಮ್ಮ ಎಡಗೈ ಕಡೆಯ ಮೇಲಿನ ಮನೆಯಿಂದ ಶುರು: ಮೇಲೆ ಒಂದು, ಎರಡು; ಕೆಳಗೆ ಮತ್ತೆ ಎಡದಿಂದ ಮೂರು, ನಾಲ್ಕು. ಆದರೆ ಹೆರಾಲ್ಡ್ರಿಯವರು, ಅಂದರೆ ಲಾಂಛನಶಾಸ್ತ್ರ ಬಲ್ಲವರು, ಆ ಎಡಬದಿಗೆ 'ಬಲ' ಅಂತಾರೆ. ಗುರಾಣಿ ಹಿಡಿದವನಿಗೆ ಅದು ಬಲಗಡೆ ತಾನೇ! ಪುಸ್ತಕ ಹಿಡಿದು ಬಂದವರು ಎಡವೋದು ಹೆಚ್ಚಾಗಿ ಇಲ್ಲೇ.

ಮೊದಲು ಹುಡುಕಬೇಕಾದ್ದು ಲಿಲ್ಲಿ ಹೂ, ಅಂದರೆ ಫ್ರಾನ್ಸಿನ ಗುರುತು. ಫ್ರಾನ್ಸಿನ ಪಟ್ಟ ತನ್ನದೇ ಅಂತ ಮೂರನೇ ಎಡ್ವರ್ಡ್ 1340ರಲ್ಲಿ ಇದನ್ನು ಗುರಾಣಿಗೆ ಸೇರಿಸಿದ. ತೆಗೆದದ್ದು 1801ರ ಜನವರಿ 1ಕ್ಕೆ. ಅಷ್ಟರಲ್ಲಿ ಫ್ರಾನ್ಸಿನವರೇ ತಮ್ಮ ರಾಜನ ತಲೆ ತೆಗೆದು ಎಂಟು ವರ್ಷ ಆಗುತ್ತಾ ಬಂದಿತ್ತು! ಲಿಲ್ಲಿ ಇದ್ದರೆ 1801ಕ್ಕೆ ಮುಂಚಿನ ವಿನ್ಯಾಸ ಅನ್ನಿ.

ಲಿಲ್ಲಿಯೂ ಇದೆ, ನಾಲ್ಕನೇ ಮನೆಯಲ್ಲಿ ಓಡುವ ಬಿಳಿ ಕುದುರೆಯೂ ಇದೆ ಅಂದರೆ 1714ರಿಂದ 1801ರ ನಡುವಿನದು. ಕುದುರೆ ಹ್ಯಾನೋವರ್ ಮನೆತನದ್ದು, ಜರ್ಮನಿಯಿಂದ ಬಂದ ಜಾರ್ಜ್‌ಗಳದ್ದು. ಲಿಲ್ಲಿ ಹೋಗಿ, ಕುದುರೆ ನಟ್ಟನಡುವಿನ ಪುಟ್ಟ ಗುರಾಣಿಗೆ ಬಂದಿದ್ದರೆ 1801ರಿಂದ 1837. ಇನ್ನೂ ಹತ್ತಿರ ಹೋಗಬೇಕಾ? ಆ ಪುಟ್ಟ ಗುರಾಣಿಯ ನೆತ್ತಿ ನೋಡಿ. ಬಟ್ಟೆಯ ಟೋಪಿ ಇದ್ದರೆ 1816ಕ್ಕೆ ಮುಂಚೆ, ಕಿರೀಟ ಇದ್ದರೆ ಆಮೇಲೆ. ಹ್ಯಾನೋವರ್ ರಾಜ್ಯ ಅನ್ನಿಸಿಕೊಂಡ ಮೇಲೆ ಟೋಪಿ ಸಾಕಾಗಲಿಲ್ಲ.

1837ರಲ್ಲಿ ವಿಕ್ಟೋರಿಯಾ ಬಂದಾಗ ಕುದುರೆಯೂ ಹೋಯ್ತು. ಹ್ಯಾನೋವರ್‌ನ ಕಟ್ಟಳೆಯಲ್ಲಿ ಹೆಣ್ಣಿಗೆ ಪಟ್ಟ ಇರಲಿಲ್ಲ, ಅದು ಅವಳ ಚಿಕ್ಕಪ್ಪ ಅರ್ನೆಸ್ಟ್ ಅಗಸ್ಟಸ್‌ಗೆ ಸಿಕ್ಕಿತು. ಅಲ್ಲಿಂದ ಇವತ್ತಿನವರೆಗೂ ಒಂದೇ ಲೆಕ್ಕ: ಒಂದು ಮತ್ತು ನಾಲ್ಕನೇ ಮನೆಯಲ್ಲಿ ಮೂರು ಮೂರು ಚಿನ್ನದ ಸಿಂಹ, ಎರಡರಲ್ಲಿ ಸ್ಕಾಟ್ಲೆಂಡಿನ ಕೆಂಪು ಸಿಂಹ, ಮೂರರಲ್ಲಿ ಐರ್ಲೆಂಡಿನ ಹಾರ್ಪ್ ಅನ್ನೋ ತಂತಿವಾದ್ಯ. ಕೆಂಪು ಸಿಂಹವೇ ಒಂದನೇ ಮನೆ ಹಿಡಿದಿದ್ದರೆ ಗಾಬರಿ ಬೇಡ, ಅದು ಸ್ಕಾಟ್ಲೆಂಡಿಗೆ ಅಂತ ಇರುವ ಜೋಡಣೆ.

ಕಲ್ಲಿನ ಕೆತ್ತನೆಗೆ ಬಣ್ಣ ಇರಲ್ಲ. ಕೆಲವು ಕಡೆ ಗೆರೆಗಳಿರುತ್ತವೆ: ನೆಟ್ಟಗಿನ ಗೆರೆ ಕೆಂಪು, ಅಡ್ಡಗೆರೆ ನೀಲಿ, ಚುಕ್ಕಿ ಚಿನ್ನ, ಖಾಲಿ ಬಿಟ್ಟದ್ದು ಬೆಳ್ಳಿ.

ಚರ್ಚಿನೊಳಗಿನ ಮರದ ಹಲಗೆಗಳಲ್ಲಿ ಮಾತ್ರ ಹುಷಾರು. ಹೊಸ ರಾಜ ಬಂದಾಗ ಹೊಸ ಹಲಗೆಗೆ ದುಡ್ಡು ಯಾಕೆ ಅಂತ ಹಳೇದಕ್ಕೇ ಬಣ್ಣ ಬಳಿದು ಅಕ್ಷರ ತಿದ್ದಿದ್ದುಂಟು. ಮೇಲೆ 'ಜಿ ಆರ್' (ಜಾರ್ಜ್ ರೆಕ್ಸ್, ಅಂದರೆ ರಾಜ ಜಾರ್ಜ್) ಅಂತಿದ್ದು, ಗುರಾಣಿಯಲ್ಲಿ ಕುದುರೆಯೇ ಇಲ್ಲದೆ, ಒಂದು ಮತ್ತು ನಾಲ್ಕನೇ ಮನೆಗಳೊಳಗೆ ಲಿಲ್ಲಿ, ಸಿಂಹಗಳ ಪುಟ್ಟ ಪುಟ್ಟ ಮನೆಗಳಿದ್ದರೆ ಅದು ಸ್ಟುವರ್ಟ್ ಕಾಲದ, ಅಂದರೆ ಜಾರ್ಜ್‌ಗಳಿಗೆ ಮುಂಚೆ ಆಳಿದ ಜೇಮ್ಸ್ ಮನೆತನದ ಕಾಲದ ಹಲಗೆ. ಅಕ್ಷರ ಮಾತ್ರ ಜಾರ್ಜ್‌ನದು.