ಗರಗಸಕ್ಕಿಂತ ಮೊದಲು ಗುದ್ದಲಿ: ಮರದ ಮೋಟನ್ನು ನೆಲಮಟ್ಟಕ್ಕೆ ಇಳಿಸುವ ಬಗೆ

ಬೆಳೆಗಾರ ಬಂಧುಗಳೇ, ಗರಗಸ ಹಿಡಿದು ದುಡಿಯುವ ಗೆಳೆಯರೇ,

ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಮರ ಉರುಳಿದ ದಿನ ಎಲ್ಲರ ಕಣ್ಣೂ ದಿಮ್ಮಿಯ ಮೇಲಿರುತ್ತದೆ. ಲಾರಿ ಹೊರಟುಹೋದ ಮೇಲೆ ಮೊಣಕಾಲೆತ್ತರದ ಮೋಟೊಂದು ಗಿಡಗಳ ನಡುವೆ ಉಳಿಯುತ್ತದೆ. ಮಳೆಗಾಲದ ಕಳೆ ಅದನ್ನು ಮರೆಮಾಡುತ್ತದೆ. ಆಮೇಲೆ ಕಳೆ ಕೊಚ್ಚುವ ಯಂತ್ರದ ಅಲಗು ಅದಕ್ಕೆ ಬಡಿಯುತ್ತದೆ, ಹಣ್ಣಿನ ಮೂಟೆ ಹೊತ್ತು ಬರುವವರು ಎಡವಿ ಬೀಳುತ್ತಾರೆ. ಅಂಥ ಮೋಟನ್ನು ನೆಲದಿಂದ ನಾಲ್ಕು ಬೆರಳಿನ ಎತ್ತರಕ್ಕೆ ಇಳಿಸುವ ಕೆಲಸದ ಹೆಚ್ಚಿನ ಪಾಲು ಚೈನ್ ಗರಗಸದ ಎಂಜಿನ್ ಚಾಲೂ ಮಾಡುವುದಕ್ಕೆ ಮೊದಲೇ ಮುಗಿದಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಚೈನಿನ ಹಲ್ಲು ಇರುವುದು ಮರ ಕೊಯ್ಯುವುದಕ್ಕೆ. ಪೂರ್ಣ ವೇಗದಲ್ಲಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡುವ ಆ ಹಲ್ಲು ಕ್ಷಣಮಾತ್ರ ಮಣ್ಣಿಗೆ ತಾಗಿದರೂ ಮೊಂಡಾಗುತ್ತದೆ. ಆದ್ದರಿಂದ ಮೊದಲು ಗುದ್ದಲಿಯಿಂದ ಮೋಟಿನ ಸುತ್ತ ಒಂದು ಗೇಣಿನಷ್ಟು ಮಣ್ಣನ್ನೂ ತರಗೆಲೆಯನ್ನೂ ಸರಿಸಿ, ಕಲ್ಲುಗಳನ್ನು ಹೆಕ್ಕಿ ತೆಗೆಯಬೇಕು. ನಮ್ಮ ಮಲೆನಾಡಿನ ಮಳೆಯಲ್ಲಿ ಸಿಡಿದ ಕೆಸರು ಬುಡದ ತೊಗಟೆಯ ಬಿರುಕುಗಳಲ್ಲಿ ಸೇರಿ ಒಣಗಿರುತ್ತದೆ. ಅದು ಕಣ್ಣಿಗೆ ತೊಗಟೆಯಂತೆಯೇ ಕಂಡರೂ ಚೈನಿಗೆ ಮರಳೇ. ಕೊಯ್ಯುವ ಸಾಲಿನಲ್ಲಿ ಕತ್ತಿಯಿಂದ ತೊಗಟೆಯನ್ನು ಕೆತ್ತಿ ತೆಗೆದರೆ ಅರ ಹಿಡಿಯುವ ಶ್ರಮ ಎಷ್ಟೋ ಉಳಿಯುತ್ತದೆ. ಗೆದ್ದಲು ಹೊಕ್ಕ ಮೋಟಿನ ಒಳಗೂ ಮಣ್ಣು ತುಂಬಿರುತ್ತದೆ, ಬೇಲಿ ಬದಿಯ ಮರದೊಳಗೆ ಹಳೆಯ ತಂತಿಯೂ ಮೊಳೆಯೂ ಹುದುಗಿರುತ್ತವೆ.

ಬುಡದ ಬೇರುಗಳು ರೆಕ್ಕೆಯಂತೆ ಚಾಚಿಕೊಂಡಿದ್ದರೆ ಮೊದಲು ಅವನ್ನು ಮೇಲಿನಿಂದ ಕೆಳಕ್ಕೆ ಸೀಳಿ, ನೆಲಕ್ಕೆ ಎರಡು ಅಂಗುಲ ಇರುವಾಗಲೇ ನಿಲ್ಲಿಸಬೇಕು. ಅನಂತರ ಗರಗಸವನ್ನು ಅಡ್ಡ ಮಲಗಿಸಿ ಕೊಯ್ದರೆ ರೆಕ್ಕೆಗಳು ತುಂಡುಗಳಾಗಿ ಕಳಚಿ, ಮೋಟಿನ ಸುತ್ತಳತೆ ಕಿರಿದಾಗುತ್ತದೆ. ನಡುವಿನ ಕೊಯ್ತದಲ್ಲಿ ಮೇಲಿನ ತುಂಡಿನ ಭಾರಕ್ಕೆ ಬಾರ್, ಅಂದರೆ ಚೈನು ಸುತ್ತಿ ಓಡುವ ಉದ್ದನೆಯ ಪಟ್ಟಿ, ಸಿಕ್ಕಿಕೊಳ್ಳದಂತೆ ಹಿಂದಿನಿಂದ ಬೆಣೆ ಕೊಡಬೇಕು. ಆ ಬೆಣೆ ಮರದ್ದೋ ಪ್ಲಾಸ್ಟಿಕ್ಕಿನದೋ ಆಗಿರಲಿ, ಉಕ್ಕಿನದು ಬೇಡವೇ ಬೇಡ.

ಬಾರಿನ ತುದಿಯ ಮೇಲ್ಭಾಗ ಕಲ್ಲಿಗೋ ಬೇರಿಗೋ ಬಡಿದರೆ ಗರಗಸ ಕಣ್ಣು ಮಿಟುಕಿಸುವುದರೊಳಗೆ ಹಿಂದಕ್ಕೆ ಚಿಮ್ಮುತ್ತದೆ. ನಿಂತು ಕೊಯ್ಯುವವನಿಗಿಂತ ಬಗ್ಗಿ ಕೊಯ್ಯುವವನಿಗೆ ಈ ಅಪಾಯ ಹೆಚ್ಚು, ಏಕೆಂದರೆ ಅವನ ಮುಖವೂ ಕೊರಳೂ ಬಾರಿಗೆ ಹತ್ತಿರವಿರುತ್ತವೆ, ತುದಿಯಾದರೋ ಮೋಟಿನ ಆಚೆ ಬದಿಯಲ್ಲಿ ಕಾಣದಂತಿರುತ್ತದೆ. ನನ್ನದೇ ತೋಟದಲ್ಲಿ ಒಮ್ಮೆ ಆಚೆ ಬದಿಯನ್ನು ಬಿಡಿಸಿ ನೋಡದೆ ಕೊಯ್ಯಲು ಹೊರಟಾಗ, ಎಲೆಯಡಿಯಿದ್ದ ಕಲ್ಲಿಗೆ ತುದಿ ತಾಗಿ ಗರಗಸ ಎದ್ದಿತು. ಚೈನನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಬಿದ್ದದ್ದರಿಂದ ಗಾಯವಾಗಲಿಲ್ಲ. ಆ ಸದ್ದು ಇಂದಿಗೂ ನನ್ನ ಕಿವಿಯಲ್ಲಿದೆ. ಸೊಂಟ ಬಗ್ಗಿಸುವ ಬದಲು ಒಂದು ಮೊಣಕಾಲನ್ನು ನೆಲಕ್ಕೂರಿ, ಮುಂದಿನ ಹಿಡಿಯನ್ನು ಹೆಬ್ಬೆರಳು ಸುತ್ತಿ ಹಿಡಿದು, ತಲೆಯನ್ನು ಬಾರಿನ ನೇರದಿಂದ ಪಕ್ಕಕ್ಕೆ ಇಟ್ಟುಕೊಳ್ಳಿ. ಹೆಲ್ಮೆಟ್, ಮುಖದ ಜಾಲರಿ, ಕಾಲಿನ ರಕ್ಷಾಕವಚ ಇಲ್ಲದೆ ಆಳನ್ನು ಈ ಕೆಲಸಕ್ಕೆ ಕಳುಹಿಸುವ ಯಜಮಾನರು ದಯವಿಟ್ಟು ಕಳುಹಿಸಬೇಡಿ.

ಹೊಟ್ಟನ್ನು ಗಮನಿಸುತ್ತಿರಿ. ಹರಿತವಾದ ಚೈನು ಚಕ್ಕೆ ಉದುರಿಸುತ್ತದೆ, ಮೊಂಡಾದದ್ದು ಹಿಟ್ಟು ಉದುರಿಸುತ್ತದೆ. ಕೊಯ್ತ ಒಂದೇ ಕಡೆಗೆ ವಾಲುತ್ತಿದ್ದರೆ ಒಂದು ಬದಿಯ ಹಲ್ಲುಗಳು ಸವೆದಿವೆ ಎಂದರ್ಥ. ಬಲ ಹಾಕಿ ಒತ್ತದೆ, ನಿಲ್ಲಿಸಿ ಅರ ಹಿಡಿಯಿರಿ.

ನೀಲಗಿರಿ ಮರದ ಮಾತು ಬೇರೆ. ಅಲ್ಲಿ ಕೂಳೆಯಿಂದ ಮತ್ತೆ ಚಿಗುರು ಬರಬೇಕಾದ್ದರಿಂದ ಸುಮಾರು 10 ಸೆಂಟಿಮೀಟರ್ ಬಿಟ್ಟು, ನೀರು ಇಳಿದುಹೋಗುವಂತೆ ಓರೆಯಾಗಿ, ತೊಗಟೆ ಕಿತ್ತುಬಾರದಂತೆ ಕೊಯ್ಯಬೇಕು. ಅಲ್ಲಿ ತೊಗಟೆ ಕೆತ್ತಬಾರದು, ಕೆಸರನ್ನು ಉಜ್ಜಿ ತೆಗೆದರೆ ಸಾಕು.

ಕಾಫಿ ಬೆಳೆಗಾರರು ಇನ್ನೊಂದನ್ನು ನೆನಪಿಡಬೇಕು. ಕಂದು ಬೇರು ರೋಗದ ಶಿಲೀಂಧ್ರ ಸತ್ತ ಮೋಟು ಮತ್ತು ಬೇರುಗಳಲ್ಲಿ ನೆಲೆಸಿ, ಬೇರಿನಿಂದ ಬೇರಿಗೆ ಕಾಫಿ ಗಿಡವನ್ನು ಮುಟ್ಟುತ್ತದೆ. ಮೋಟನ್ನು ಎಷ್ಟು ತಗ್ಗಿಸಿ ಕೊಯ್ದರೂ ಬೇರು ಒಳಗೇ ಉಳಿಯುತ್ತದೆ. ರೋಗ ಕಂಡ ಜಾಗದಲ್ಲಿ ಗರಗಸವನ್ನು ಬದಿಗಿಟ್ಟು, ಪಿಕಾಸಿ ಹಾರೆಗಳಿಂದ ಮೋಟನ್ನು ಬೇರುಸಹಿತ ಕಿತ್ತು ಸುಡಬೇಕು.