ಭಾನುವಾರವೂ ಆರೂವರೆಗೇ ಏಳಿ

ಜನವರಿ ಒಂದಕ್ಕೆ ಹೊಸ ಶೂ, ಜಿಮ್ಮಿಗೆ ವರ್ಷದ ಫೀಸು, ಬೆಳಗಿನ ಐದಕ್ಕೆ ಅಲಾರಂ. ಸಂಕ್ರಾಂತಿಗೆ ಎಳ್ಳು-ಬೆಲ್ಲ ಬೀರೋ ಹೊತ್ತಿಗೆ ಶೂ ಚಪ್ಪಲಿ ಸ್ಟ್ಯಾಂಡಿನ ಮೂಲೆ ಸೇರಿರುತ್ತೆ. ಆಮೇಲೆ "ನಂಗೆ ಛಲವೇ ಇಲ್ಲ" ಅಂತ ನಮ್ಮನ್ನ ನಾವೇ ಬೈಕೊಳ್ತೀವಿ. ಒಂದೇ ದಿನ ಮೂರು ಮೂಟೆ ಹೊತ್ತರೆ ಯಾರ ಸೊಂಟ ತಡೆಯುತ್ತೆ ಹೇಳಿ!

ಕೆಲಸದ ಒತ್ತಡ, ಮನೆಯ ಚಿಂತೆ ಎರಡೂ ಒಟ್ಟಿಗೆ ಬಂದಾಗ ಕುಸಿಯದೆ ನಿಲ್ಲಬೇಕಾದ್ರೆ, ಮೊದಲು ಏಳೋ ಹೊತ್ತನ್ನ ಗಟ್ಟಿ ಮಾಡ್ಕೊಳ್ಳಿ. ಮಲಗೋ ಹೊತ್ತನ್ನ ಆಮೇಲೆ ನೋಡೋಣ. ನಿದ್ದೆಯನ್ನ ಜುಲುಮೆ ಮಾಡಿ ಕರೆಯೋಕಾಗಲ್ಲ, ಏಳೋದು ಮಾತ್ರ ನಮ್ಮ ಕೈಲಿದೆ. ಆರೂವರೆ ಅಂದ್ರೆ ಆರೂವರೆ, ಭಾನುವಾರವೂ. ಅಬ್ಬಬ್ಬಾ ಅಂದ್ರೆ ಅರ್ಧ ಗಂಟೆ ಆಚೀಚೆ.

ವಾರಾಂತ್ಯದಲ್ಲಿ ಹತ್ತಕ್ಕೆ ಎದ್ದರೆ ಏನಾಗುತ್ತೆ? ಮೈಯೊಳಗಿನ ಗಡಿಯಾರ ಹಿಂದೆ ಬೀಳುತ್ತೆ. ಭಾನುವಾರ ರಾತ್ರಿ ಹನ್ನೆರಡಾದ್ರೂ ಕಣ್ಣು ಅಂಟಲ್ಲ. ಸೋಮವಾರ ಮೆಟ್ರೋದಲ್ಲಿ ತೂಕಡಿಕೆ, ಮೀಟಿಂಗಲ್ಲಿ ಸಿಡಿಮಿಡಿ. ಬೈಗುಳ ಮ್ಯಾನೇಜರಿಗೆ! ರಾತ್ರಿ ನಿದ್ದೆ ಕೆಟ್ಟಿದ್ರೂ ಏಳೋ ಹೊತ್ತು ಬದಲಿಸಬೇಡಿ. ಮಧ್ಯಾಹ್ನ ಮೂರರ ಒಳಗೆ 20 ನಿಮಿಷ ಒರಗಿಕೊಳ್ಳಿ, ಅದಕ್ಕಿಂತ ಜಾಸ್ತಿ ಬೇಡ. ವಾರವಾರ ಶಿಫ್ಟ್ ಬದಲಾಗೋರಿಗೆ ಈ ಲೆಕ್ಕ ಹಿಡಿಯಲ್ಲ, ಅವರದ್ದು ಬೇರೆಯೇ ಕಷ್ಟ.

ಎದ್ದಮೇಲೆ ಬೆಳಕು. ಬೆಳಕನ್ನ ಅಳೆಯೋದು ಲಕ್ಸ್ ಲೆಕ್ಕದಲ್ಲಿ; ಟ್ಯೂಬ್‌ಲೈಟ್ ಹಾಕಿದ ಹಾಲ್‌ನಲ್ಲಿ ಸಿಗೋದು ಕೆಲವೇ ನೂರು ಲಕ್ಸ್. ಜುಲೈ ತಿಂಗಳ ಮೋಡದಲ್ಲೂ ಹೊರಗೆ ಸಾವಿರಗಟ್ಟಲೆ ಇರುತ್ತೆ. ಈ ಬೆಳಕು ಕಣ್ಣಿಗೆ ಬಿದ್ದಾಗಲೇ ಒಳಗಿನ ಗಡಿಯಾರಕ್ಕೆ ಬೆಳಗಾಗೋದು. ಲಾಲ್‌ಬಾಗ್ ಪಕ್ಕದಲ್ಲೇ ಮನೆ ಇದ್ರೆ ಪುಣ್ಯವಂತರು, ಇಲ್ಲದಿದ್ರೆ ಬಟ್ಟೆ ಒಣಗಿಸೋ ಟೆರೇಸ್ ಸಾಕು. ಹೇಗೂ ಕಾಫಿ ಕುಡೀತೀರಲ್ಲ, ಲೋಟ ಹಿಡ್ಕೊಂಡು ಮೇಲೆ ಹೋಗಿ 15 ನಿಮಿಷ ಅಲ್ಲೇ ಇರಿ. ಹಳೇ ಅಭ್ಯಾಸದ ಬಾಲಕ್ಕೆ ಕಟ್ಟಿದ ಹೊಸ ಅಭ್ಯಾಸ ಮರೆತುಹೋಗಲ್ಲ.

ಕಾಫಿ ಅಂದ್ಮೇಲೆ ಒಂದು ಮಾತು. ಕುಡಿದ ಕೆಫೀನಿನಲ್ಲಿ ಅರ್ಧ ಕರಗೋಕೆ ಸುಮಾರು ಐದಾರು ಗಂಟೆ ಬೇಕು. ಸಂಜೆ ಐದರ ಕಾಫಿ ರಾತ್ರಿ ಹತ್ತೂವರೆಗೂ ಅರ್ಧ ಲೋಟ ಒಳಗೇ ಇರುತ್ತೆ. ಮಧ್ಯಾಹ್ನ ಎರಡಕ್ಕೆ ಕೊನೆಯದು ಅಂತ ಇಟ್ಕೊಳ್ಳಿ. "ಬೈಟು ಆದ್ರೆ?" ಅಂತೀರಾ? ಅರ್ಧ ತಪ್ಪು.

ನಡಿಗೆಗೆ ಹೆಚ್ಚು ಯೋಚಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕನಿಷ್ಠ 150 ನಿಮಿಷ ಅನ್ನುತ್ತೆ. ದಿನಾ ಎರಡು ಊಟದ ನಂತರ ಹತ್ತತ್ತು ನಿಮಿಷ ಚುರುಕಾಗಿ ನಡೆದ್ರೆ ವಾರಕ್ಕೆ 140 ಆಯ್ತು. ಫುಟ್‌ಪಾತ್ ಇಲ್ಲ ಅನ್ನೋ ದೂರು ನ್ಯಾಯವೇ, ಅಪಾರ್ಟ್‌ಮೆಂಟ್ ಕಾರಿಡಾರೂ ಆಗುತ್ತೆ.

ಇನ್ನು ಉಸಿರು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಲ್ಲಿ ಕ್ಯಾಬ್ ನಿಂತಿದೆ, ನೀವು ಹಿಂದಿನ ಸೀಟಲ್ಲಿ. ಮೂಗಿಂದಲೇ ನಾಲ್ಕು ಎಣಿಸೋವರೆಗೆ ಒಳಗೆ, ಆರು ಎಣಿಸೋವರೆಗೆ ಹೊರಗೆ. ನಿಮಿಷಕ್ಕೆ ಆರು ಉಸಿರು, ಐದು ನಿಮಿಷ. ಎಲ್ಲರೂ ಎಡವೋದು ಒಂದೇ ಕಡೆ: ಎದೆ ಉಬ್ಬಿಸಿ ಜೋರಾಗಿ ಎಳೀತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತೆ, "ಇದು ನಂಗಾಗಲ್ಲ" ಅಂತ ಬಿಡ್ತಾರೆ. ಪಕ್ಕದಲ್ಲಿ ಕೂತವರಿಗೆ ಕೇಳಿಸದಷ್ಟು ಮೆತ್ತಗಿರಲಿ.

21 ದಿನದಲ್ಲಿ ಅಭ್ಯಾಸ ಆಗುತ್ತೆ ಅನ್ನೋದನ್ನ ನಂಬಬೇಡಿ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ 2010ರ ಅಧ್ಯಯನದಲ್ಲಿ ಬಂದ ಮಧ್ಯದ ಲೆಕ್ಕ 66 ದಿನ. ಕೆಲವರಿಗೆ 18, ಕೆಲವರಿಗೆ 254ರವರೆಗೂ. ನಡುವೆ ಒಂದು ದಿನ ತಪ್ಪಿದ್ರೆ ಅಂಥ ನಷ್ಟವೇನೂ ಕಾಣಲಿಲ್ಲ. ಹಾಗಾಗಿ ಆರೂವರೆಗೆ ಏಳೋದೊಂದನ್ನೇ ಮೊದಲು ಹಿಡೀರಿ, ಅದು ತಾನಾಗೇ ನಡೆಯೋವರೆಗೆ ಎರಡನೆಯದು ಬೇಡ.

ಎರಡು ವಾರ ದಾಟಿದ್ರೂ ಮಂಕು ಕವಿದೇ ಇದ್ರೆ, ನಿದ್ದೆ-ಊಟ ಸೇರದಿದ್ರೆ, ಇವು ಯಾವುವೂ ಚಿಕಿತ್ಸೆ ಅಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, 2022ರಿಂದ ಇದೆ. ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಈಗಲೇ ಸೇವ್ ಮಾಡ್ಕೊಳ್ಳಿ, ಬೇಕಾದ ದಿನ ಹುಡುಕೋಕೆ ಮನಸ್ಸಿರಲ್ಲ.