ಹೊಟ್ಟೆಯ ಉರಿ ಮತ್ತು ಇಪ್ಪತ್ತೆರಡು ಅಕ್ಷರದ ಆರ್‌ಎನ್‌ಎ

ಕೇಳುಗರೇ, ನಮಸ್ಕಾರ.

ಬೆಂಗಳೂರಿನ ಯಾವ ಮೆಡಿಕಲ್ ಶಾಪ್ ಮುಂದೆ ಸ್ವಲ್ಪ ಹೊತ್ತು ನಿಂತರೂ "ಒಂದು ಗ್ಯಾಸ್ಟ್ರಿಕ್ ಮಾತ್ರೆ ಕೊಡಿ" ಅನ್ನುವವರು ಸಿಕ್ಕೇ ಸಿಗುತ್ತಾರೆ. ತಿಂಡಿ ಬಿಟ್ಟೆ, ಊಟ ಮೂರು ಗಂಟೆಗೆ ಆಯ್ತು, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ಟೆನ್ಷನ್ ಬೇರೆ ಅಂತ ಕಾರಣವನ್ನೂ ಅವರೇ ಹೇಳಿಬಿಡುತ್ತಾರೆ. ಇರಬಹುದು. ಆದರೆ ತಿಂಗಳುಗಟ್ಟಲೆ ಬಿಡದೆ ಕಾಡುವ ಹೊಟ್ಟೆ ನೋವಿಗೆ, ಹುಣ್ಣಿಗೆ ಎಷ್ಟೋ ಸಲ ಕಾರಣ ಒಂದು ಬ್ಯಾಕ್ಟೀರಿಯಾ. ಅದರ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಪ್ರಪಂಚದ ಸುಮಾರು ಅರ್ಧದಷ್ಟು ಜನರ ಹೊಟ್ಟೆಯಲ್ಲಿ ಅದು ಮನೆ ಮಾಡಿಕೊಂಡಿದೆ ಅಂತ ಅಂದಾಜು. ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಸೇರಿಕೊಳ್ಳುತ್ತದೆ. ಹೆಚ್ಚಿನವರಿಗೆ ಅದು ಒಳಗಿರುವುದೇ ಗೊತ್ತಾಗುವುದಿಲ್ಲ.

ಹೊಟ್ಟೆಯಲ್ಲಿರುವುದು ಆಸಿಡ್. ಅಲ್ಲಿ ಇದು ಬದುಕುವುದು ಹೇಗೆ? ಯೂರಿಯಾವನ್ನು ಒಡೆದು ತನ್ನ ಸುತ್ತ ಅಮೋನಿಯಾ ಮಾಡಿಕೊಳ್ಳುತ್ತದೆ, ಆಸಿಡ್ ಅಷ್ಟರಮಟ್ಟಿಗೆ ತಣ್ಣಗಾಗುತ್ತದೆ. ಎಂಡೋಸ್ಕೋಪಿ ಮಾಡುವಾಗ ಡಾಕ್ಟರು ಹಿಡಿಯುವುದೂ ಈ ಚಾಳಿಯನ್ನೇ. ಹೊಟ್ಟೆಯ ಒಳಪದರದಿಂದ ಅಕ್ಕಿ ನುಚ್ಚಿನಷ್ಟು ಚೂರು ತೆಗೆದು ಹಳದಿ ಜೆಲ್‌ನಲ್ಲಿ ಇಡುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಹಳದಿ ಹೋಗಿ ಗುಲಾಬಿ ಬಣ್ಣ ಬರುತ್ತದೆ.

ಈ ಬ್ಯಾಕ್ಟೀರಿಯಾವನ್ನು ಕಂಡುಹಿಡಿದವರು ಆಸ್ಟ್ರೇಲಿಯಾದ ಪರ್ತ್‌ನ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್. 1982ರಲ್ಲಿ ಅವರು ಬ್ಯಾಕ್ಟೀರಿಯಾ ಬೆಳೆಸಲು ಇಟ್ಟ ತಟ್ಟೆಗಳಲ್ಲಿ ಎರಡು ದಿನವಾದರೂ ಏನೂ ಕಾಣುತ್ತಿರಲಿಲ್ಲ, ಎಸೆದುಬಿಡುತ್ತಿದ್ದರು. ಈಸ್ಟರ್ ರಜೆಯಲ್ಲಿ ಎಸೆಯುವವರು ಯಾರೂ ಇರಲಿಲ್ಲ. ರಜೆ ಮುಗಿಸಿ ಬಂದು ನೋಡಿದರೆ ಬೆಳೆದು ಕೂತಿತ್ತು! ಹೊಟ್ಟೆಯ ಕಾಯಿಲೆಗೆ ಇದೇ ಕಾರಣ ಅಂದರೆ ಆಮೇಲೂ ಜನ ನಂಬಲಿಲ್ಲ ಅಂತ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದರು. ಕೆಲವೇ ದಿನದಲ್ಲಿ ವಾಂತಿ, ಹೊಟ್ಟೆಯೊಳಗೆ ಉರಿಯೂತ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ನನಗೆ ಕುತೂಹಲ ಇರುವುದು ಇದರ ಮುಂದಿನ ಕಥೆಯಲ್ಲಿ. ಈ ಉರಿಯೂತವನ್ನು ಮಾಡುವವರು ಯಾರು? ಬ್ಯಾಕ್ಟೀರಿಯಾ ಅಂತ ಸುಲಭವಾಗಿ ಹೇಳಿಬಿಡಬಹುದು. ನಿಜವಾಗಿ ಅದರ ಬಹುಪಾಲು ನಮ್ಮ ದೇಹದ್ದೇ ಕೆಲಸ. ಶತ್ರು ಬಂದ ಅಂತ ಹೊಟ್ಟೆಯ ಕೋಶಗಳು ಕೂಗು ಹಾಕುತ್ತವೆ, ರಕ್ತದ ಬಿಳಿ ಕಣಗಳು ನುಗ್ಗಿ ಬರುತ್ತವೆ, ಜಾಗವೆಲ್ಲ ಕೆಂಪಾಗಿ ಊದಿಕೊಳ್ಳುತ್ತದೆ. ಈ ಗಲಾಟೆ ಎಷ್ಟು ಜೋರಾಗಬೇಕು, ಎಲ್ಲಿ ನಿಲ್ಲಬೇಕು ಅನ್ನುವುದರಲ್ಲಿ ಮೈಕ್ರೋ ಆರ್‌ಎನ್‌ಎಗಳಿಗೆ ದೊಡ್ಡ ಪಾಲಿದೆ.

ಏನಿದು ಮೈಕ್ರೋ ಆರ್‌ಎನ್‌ಎ? ನಮ್ಮ ದರ್ಶಿನಿಯನ್ನೇ ನೋಡಿ. ಕ್ಯಾಶ್ ಕೌಂಟರಿನಲ್ಲಿ ಟೋಕನ್ ಕೊಡುತ್ತಾರೆ, ಅದನ್ನು ಒಳಗೆ ಕೊಟ್ಟರೆ ಮಸಾಲೆ ದೋಸೆ ಬರುತ್ತದೆ. ಡಿಎನ್‌ಎಯಿಂದ ಹೊರಡುವ ಸಂದೇಶ ಆರ್‌ಎನ್‌ಎ ಆ ಟೋಕನ್. ದೋಸೆ ಅಂದರೆ ಪ್ರೋಟೀನ್. ಟೋಕನ್ ಒಳಗೆ ಹೋಗುವ ಮೊದಲೇ ಯಾರೋ ಹಿಡಿದಿಟ್ಟುಕೊಂಡರೆ ದೋಸೆ ಬರುವುದಿಲ್ಲ, ಅಲ್ವಾ? ಮೈಕ್ರೋ ಆರ್‌ಎನ್‌ಎ ಮಾಡುವುದು ಅದನ್ನೇ. ಆರ್‌ಎನ್‌ಎ ಅಂದರೆ ಅಕ್ಷರಗಳಂಥ ಸಣ್ಣ ತುಣುಕುಗಳ ಸರ, ಇದರ ಉದ್ದ ಬರೀ ಇಪ್ಪತ್ತೆರಡು ಅಕ್ಷರದ ಆಸುಪಾಸು. ಮನುಷ್ಯರಲ್ಲಿ ಇಂಥವು ಸಾವಿರಕ್ಕೂ ಜಾಸ್ತಿ. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಮೊದಲನೆಯದು ಸಿಕ್ಕಿತು. ಅದಕ್ಕಾಗಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಸಂದಿತು. ಹುಳುವಿನ ಸಮಾಚಾರ ನಮಗ್ಯಾಕೆ ಅಂತ ಬಹಳ ಜನ ಸುಮ್ನೆ ಇದ್ದರು. 2000ದಲ್ಲಿ ಅದೇ ಹುಳುವಿನಲ್ಲಿ ಲೆಟ್-7 ಅನ್ನುವುದು ಸಿಕ್ಕಿ, ಅದು ಮನುಷ್ಯರಲ್ಲೂ ಇದೆ ಅಂತ ಗೊತ್ತಾದ ಮೇಲೆ ಎಲ್ಲರ ಕಿವಿ ನೆಟ್ಟಗಾಯಿತು.

ಈಗ ಹೊಟ್ಟೆಗೆ ಬರೋಣ. ಪೈಲೋರಿ ತಗುಲಿದ ಕೋಶಗಳಲ್ಲಿ ಎರಡು ಮೈಕ್ರೋ ಆರ್‌ಎನ್‌ಎಗಳ ಪ್ರಮಾಣ ಏರುತ್ತದೆ. ಅವುಗಳ ಹೆಸರೇ 146ಎ ಮತ್ತು 155. ತಮಾಷೆ ನೋಡಿ, ಉರಿಯೂತ ಶುರು ಮಾಡುವ ಅದೇ ಸಂಕೇತ 146ಎಯನ್ನೂ ಎಬ್ಬಿಸುತ್ತದೆ. ಅದು ಎದ್ದು ಬಂದು ಆ ಸಂಕೇತವನ್ನು ಮುಂದೆ ಸಾಗಿಸುವ ಪ್ರೋಟೀನ್‌ಗಳನ್ನೇ ತಗ್ಗಿಸುತ್ತದೆ. ಅಂದರೆ ಜಗಳ ಶುರುವಾದಾಗಲೇ ಜಗಳ ಬಿಡಿಸುವವನೂ ಹೊರಡುತ್ತಾನೆ.

155ರ ಕಥೆ ಬೇರೆ. ಅದಿಲ್ಲದ ಇಲಿಗಳಿಗೆ ಪೈಲೋರಿ ಸೋಂಕು ಹತ್ತಿಸಿ ನೋಡಿದರು. ಹೊಟ್ಟೆಯಲ್ಲಿ ಉರಿಯೂತ ಕಡಿಮೆ ಇತ್ತು. ಒಳ್ಳೇದಾಯ್ತು ಅನ್ನಿಸುತ್ತದೆ. ಆದರೆ ಆ ಇಲಿಗಳಿಗೆ ಬ್ಯಾಕ್ಟೀರಿಯಾವನ್ನು ಹತೋಟಿಯಲ್ಲಿಡಲು ಆಗಲಿಲ್ಲ. ನೆಮ್ಮದಿಯಾಗಿ ಕಂಡ ಹೊಟ್ಟೆಯೊಳಗೆ ವೈರಿ ಹೆಚ್ಚಿಕೊಂಡಿತ್ತು. ಉರಿ ತಗ್ಗಿದ ಮಾತ್ರಕ್ಕೆ ಕಾಯಿಲೆ ಹೋಯಿತು ಅಂದುಕೊಳ್ಳುವ ನಮ್ಮ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ.

ಬ್ಯಾಕ್ಟೀರಿಯಾವೂ ಕೈ ಕಟ್ಟಿ ಕೂತಿರುವುದಿಲ್ಲ. ಅದರ ಕೆಲವು ತಳಿಗಳು ಕ್ಯಾಗ್‌ಎ ಎಂಬ ಪ್ರೋಟೀನನ್ನು ನೇರವಾಗಿ ನಮ್ಮ ಕೋಶದೊಳಗೆ ಚುಚ್ಚುತ್ತವೆ. ಆಗ ಲೆಟ್-7 ಇಳಿಯುತ್ತದೆ. ಹುಳುವಿನಲ್ಲಿ ಸಿಕ್ಕಿತ್ತಲ್ಲ, ಅದೇ. ಕೋಶ ಮಿತಿಮೀರಿ ಬೆಳೆಯದಂತೆ ನೋಡಿಕೊಳ್ಳುವುದು ಅದರ ಕೆಲಸಗಳಲ್ಲಿ ಒಂದು. ವರ್ಷಗಟ್ಟಲೆ ಉರಿಯೂತ ಉಳಿದ ಕೆಲವರಲ್ಲಿ ಅದು ಕ್ಯಾನ್ಸರ್‌ಗೆ ದಾರಿಯಾಗುವುದರ ಹಿಂದೆ ಇಂಥ ಏರುಪೇರುಗಳೂ ಇವೆ. ಹೆದರಬೇಡಿ, ಸೋಂಕು ಇರುವ ಬಹುಪಾಲು ಜನರಿಗೆ ಕ್ಯಾನ್ಸರ್ ಬರುವುದಿಲ್ಲ.

ಹಾಗಾದರೆ ಮೈಕ್ರೋ ಆರ್‌ಎನ್‌ಎ ಟೆಸ್ಟ್ ಮಾಡಿಸಬೇಕಾ? ಬೇಡ. ಅದಿನ್ನೂ ಲ್ಯಾಬ್‌ನಲ್ಲಿ ನಡೆಯುವ ಸಂಶೋಧನೆ. ಸೋಂಕು ಪತ್ತೆಗೆ ಉಸಿರಿನ ಪರೀಕ್ಷೆ, ಮಲದ ಪರೀಕ್ಷೆ, ಎಂಡೋಸ್ಕೋಪಿ ಸಾಕು. ಚಿಕಿತ್ಸೆ ಸಾಮಾನ್ಯವಾಗಿ ಹದಿನಾಲ್ಕು ದಿನ, ಎರಡು ಆಂಟಿಬಯಾಟಿಕ್, ಜೊತೆಗೆ ಆಸಿಡ್ ತಗ್ಗಿಸುವ ಮಾತ್ರೆ. ನಾಲ್ಕನೇ ದಿನಕ್ಕೆ ಹಾಯೆನಿಸಿತು ಅಂತ ನಿಲ್ಲಿಸಬೇಡಿ, ಉಳಿದ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತಾಗುತ್ತದೆ. ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರದ ನಂತರ ಮತ್ತೆ ಪರೀಕ್ಷೆ ಮಾಡಿಸಬೇಕು. ಸೋಂಕು ಹೋದ ಮೇಲೆ ದಾರಿ ತಪ್ಪಿದ ಮೈಕ್ರೋ ಆರ್‌ಎನ್‌ಎಗಳಲ್ಲಿ ಕೆಲವು ಮೊದಲಿನ ಮಟ್ಟಕ್ಕೆ ಬರುತ್ತವೆ. ಆದರೆ ಹೊಟ್ಟೆಯ ಒಳಪದರ ಆಗಲೇ ಕರುಳಿನ ಪದರದಂತೆ ಬದಲಾಗಿದ್ದ ಜಾಗಗಳಲ್ಲಿ ಅವು ಅಷ್ಟು ಸುಲಭವಾಗಿ ಸರಿಹೋಗುವುದಿಲ್ಲ. ಗ್ಯಾಸ್ಟ್ರಿಕ್ ಮಾತ್ರೆಯಲ್ಲೇ ವರ್ಷ ತಳ್ಳುತ್ತಿರುವವರು ಬೇಗ ಡಾಕ್ಟರ ಹತ್ತಿರ ಹೋಗಬೇಕು ಅನ್ನುವುದು ಇದಕ್ಕೇ.

ನಮಸ್ಕಾರ.